ಅತ್ತೆ ಕಳಿಸಿದ ಟ್ರೈಲರ್, ಗುಂಡನ ಹಳೇ ಸಾಲ

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು 'ತುಂಬಿದ ಮನೆ'. ಅಡ್ಮಿನ್ ನಾನು. ಅಧಿಕಾರ ಏನೂ ಇಲ್ಲ, ಜಗಳವಾದರೆ ಎರಡೂ ಕಡೆಯವರು ಫೋನ್ ಮಾಡಿ ನನ್ನನ್ನೇ ಬೈಯುತ್ತಾರೆ, ಅಷ್ಟೇ.

ಮೊನ್ನೆ ಭಾನುವಾರ ಶಿವಮೊಗ್ಗದ ಅತ್ತೆ ಒಂದು ಚಿಕ್ಕ ವಿಡಿಯೋ ಹಾಕಿದರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಒಬ್ಬ ಹುಡುಗ, ಒಬ್ಬಳು ಹುಡುಗಿ ಅಂಗಡಿಯ ಬಾಗಿಲು ದೂಡಿಕೊಂಡು ನುಗ್ಗುತ್ತಾರೆ. ಕೆಳಗೆ ಬರಹ: "ಪೋಷಕರೇ ಎಚ್ಚರ! ಈ ಆಟ ಬಂದರೆ ಮಕ್ಕಳು ಕೈ ತಪ್ಪಿದರು ಅಂತಲೇ ಲೆಕ್ಕ. ಟ್ರೈಲರ್ ನೋಡಿದರೆ ಸಾಕು, ಆಟ ಎಂಥದ್ದು ಅಂತ ಗೊತ್ತಾಗುತ್ತದೆ. ಹತ್ತು ಗುಂಪಿಗೆ ಕಳಿಸಿ."

ಅದು ಜಿಟಿಎ 6 (ಗ್ರ್ಯಾಂಡ್ ಥೆಫ್ಟ್ ಆಟೋ) ಅನ್ನುವ ವಿಡಿಯೋ ಗೇಮಿನ ಮೊದಲ ಟ್ರೈಲರ್‌ನ ಕೊನೆಯ ತುಣುಕು. 2023ರ ಡಿಸೆಂಬರ್‌ನದ್ದು. ಆಮೇಲೆ 2025ರ ಮೇ ತಿಂಗಳಲ್ಲಿ ಎರಡನೇ ಟ್ರೈಲರೂ ಬಂತು. ಫಾರ್ವರ್ಡ್ ಶಿವಮೊಗ್ಗ ತಲುಪಿದ್ದು ಈಗ. ಅತ್ತೆಗೆ ಆ ಆಟದ ಮೇಲೆ ದ್ವೇಷವೇನೂ ಇಲ್ಲ ಬಿಡಿ. ಅವರ ಮೊಮ್ಮಗ, ಹನ್ನೊಂದು ವರ್ಷದವನು, ಪಿಎಸ್5 ಅನ್ನುವ ಆಟದ ಯಂತ್ರ ಬೇಕು ಅಂತ ಊಟ ಬಿಟ್ಟು ಕೂತಿದ್ದಾನೆ. ಮಗ ಕರಗುವ ಹಾಗೆ ಕಾಣುತ್ತಿದ್ದಾನೆ. ಅತ್ತೆಗೆ ಬೇಕಾಗಿದ್ದದ್ದು ಹಿರಿಯರ ನಾಲ್ಕು ಮಾತು, ಅವನಿಗೆ ತೋರಿಸೋದಕ್ಕೆ.

ಮೊದಲು ಎದ್ದವರು ದೊಡ್ಡಪ್ಪ. ನಿವೃತ್ತ ಹೆಡ್‌ಮಾಸ್ಟರ್. "ಕಳ್ಳತನವನ್ನು ಆಟ ಎಂದು ಮಾರುವ ಕಾಲ ಬಂತು. ನಾವು ಲಗೋರಿ, ಚಿನ್ನಿದಾಂಡು ಆಡಿ ಬೆಳೆದವರು. ನಮ್ಮಲ್ಲಿ ಯಾರೂ ಕಳ್ಳರಾಗಲಿಲ್ಲ. 🙏"

ಚಿಕ್ಕಪ್ಪ ತಕ್ಷಣ: "ಅಣ್ಣಾ, ಗೌಡರ ತೋಟದ ಮಾವಿನಕಾಯಿ?"

ಚಿಕ್ಕಪ್ಪ ಬ್ಯಾಂಕಿನಲ್ಲಿ ಆಡಿಟ್ ವಿಭಾಗದಲ್ಲಿದ್ದವರು. ಕೆಲಸ ಬಿಟ್ಟರೂ ಆಡಿಟ್ ಬಿಟ್ಟಿಲ್ಲ. ಮುಂದಿನ ಮೆಸೇಜ್ ಅತ್ತೆಗೆ: "ಅಕ್ಕಾ, ಇದಕ್ಕೆ ಮೂಲ ಏನು? ಆಟ ಇನ್ನೂ ಬಂದೇ ಇಲ್ಲ. ಬರದೇ ಇರುವ ಆಟದಿಂದ ಮಕ್ಕಳು ಕೆಟ್ಟದ್ದು ಯಾವ ಅಧ್ಯಯನದಲ್ಲಿದೆ?"

ಅಷ್ಟರಲ್ಲಿ ಗುಂಡ ಬಂದ. ಗುಂಡ ಅಂದರೆ ಮಗು ಅಂದುಕೊಳ್ಳಬೇಡಿ. ದೊಡ್ಡಪ್ಪನ ಮಗ, ಕೂದಲು ಉದುರುತ್ತಿರುವ ಸಾಫ್ಟ್‌ವೇರ್ ಎಂಜಿನಿಯರ್. "ಅತ್ತೆ, ಇದು ಶತಮಾನದ ಆಟ. ಟ್ರೈಲರ್ ಒಂದೇ ದಿನದಲ್ಲಿ 9 ಕೋಟಿಗೂ ಜಾಸ್ತಿ ಸಲ ನೋಡಿದ್ದಾರೆ. ಆ ನೀರು, ಆ ಜನಸಂದಣಿ ನೋಡಿ. ಆಟ ಹೇಗಿರುತ್ತೆ ಅಂತ ಇಷ್ಟರಲ್ಲೇ ಗೊತ್ತಾಗಲ್ವಾ?"

ಗಮನಿಸಿ, ಅತ್ತೆಯ ವಾದವೂ ಅದೇ. ಟ್ರೈಲರ್ ನೋಡಿದರೆ ಸಾಕು ಅಂತ. ಇಬ್ಬರೂ ಒಂದೇ ಮಾತು ಹೇಳುತ್ತಾ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಇದನ್ನು ಬರೆಯಬೇಕು ಅಂತ ನಾನು ಟೈಪ್ ಮಾಡುತ್ತಿದ್ದೆ, ಅಷ್ಟರಲ್ಲಿ ದೊಡ್ಡಮ್ಮ ಕೇಳಿದರು: "ಪೂರ್ತಿ ವಿಡಿಯೋ ನೋಡಿದೆ. ಅಂಗಡಿಯೊಳಗೆ ಮೊಸಳೆ ಬರುತ್ತಲ್ಲ, ಅದು ಎಲ್ಲಿ ಆಗಿದ್ದು?"

ಗುಂಪಿನಲ್ಲಿ ಪೂರ್ತಿ ಟ್ರೈಲರ್ ಹುಡುಕಿ ನೋಡಿದವರು ಅವರೊಬ್ಬರೇ ಅಂತ ನನ್ನ ಅನುಮಾನ. ಫ್ಲೋರಿಡಾದಲ್ಲಿ ನಿಜವಾಗಿ ವೈರಲ್ ಆದ ವಿಡಿಯೋಗಳನ್ನು ಆ ಟ್ರೈಲರ್‌ನಲ್ಲಿ ಅಣಕಿಸಿದ್ದಾರೆ, ಹಾಗಾಗಿ ದೊಡ್ಡಮ್ಮನ ಪ್ರಶ್ನೆ ಪೆದ್ದು ಪ್ರಶ್ನೆಯೂ ಅಲ್ಲ. ಆದರೆ ಉತ್ತರ ಕೊಟ್ಟವರಿಲ್ಲ. ಯಾರೋ ದಾಂಡೇಲಿಗೆ ಹೋದಾಗ ತೆಗೆದ ಮೊಸಳೆ ಫೋಟೋ ಹಾಕಿದರು. ಅದಕ್ಕೆ ಐದಾರು ಹಾರ್ಟ್ ಬಿತ್ತು.

ಚಿಕ್ಕಪ್ಪ ಅತ್ತೆಯನ್ನು ಬಿಟ್ಟಿರಲಿಲ್ಲ. ಹಳೇ ಚಾಟ್ ಹುಡುಕಿ ತಂದರು. 2020ರ ಸೆಪ್ಟೆಂಬರ್ 2ಕ್ಕೆ ಪಬ್‌ಜಿ ಅನ್ನುವ ಬಂದೂಕಿನ ಮೊಬೈಲ್ ಆಟ ನಿಷೇಧವಾಯಿತು. 4ನೇ ತಾರೀಖು ಅಕ್ಷಯ್ ಕುಮಾರ್ 'ಫೌ-ಜಿ' ಅನ್ನುವ ದೇಸಿ ಆಟ ಬರುತ್ತೆ ಅಂತ ಘೋಷಿಸಿದರು. ಮಾಡುತ್ತಿದ್ದದ್ದು ನಮ್ಮ ಬೆಂಗಳೂರಿನ ಎನ್‌ಕೋರ್ ಗೇಮ್ಸ್. ಅದರ ಟ್ರೈಲರ್ ಜೊತೆ ಅತ್ತೆ ಆಗ ಬರೆದದ್ದು ಹೀಗೆ: "ಗಣರಾಜ್ಯೋತ್ಸವಕ್ಕೆ ಬರುತ್ತಿದೆ. ಎಲ್ಲರೂ ಮಕ್ಕಳ ಫೋನಿಗೆ ಹಾಕಿಕೊಡಿ. ಜೈ ಹಿಂದ್."

ಚಿಕ್ಕಪ್ಪ: "ಇದರಲ್ಲಿ ಹೊಡೆದಾಟ ಇರಲಿಲ್ಲವಾ ಅಕ್ಕಾ?"

ಅತ್ತೆ: "ಅದು ಸೈನಿಕರದ್ದು."

ಚಿಕ್ಕಪ್ಪನ ಮಗ ಮೈಸೂರಣ್ಣ: "ಅದರಲ್ಲಿ ಬಂದೂಕು ಎಲ್ಲಿತ್ತು? ಟ್ರೈಲರ್ ನೋಡಿ ಪಬ್‌ಜಿ ಥರಾನೇ ಅಂದುಕೊಂಡು ಫೋನಿಗೆ ಹಾಕಿಕೊಂಡೆ. ಗಾಲ್ವಾನ್‌ನಲ್ಲಿ ಒಬ್ಬನೇ ನಡೆದುಕೊಂಡು ಹೋಗಿ ಗುದ್ದಾಡೋದು, ಅಷ್ಟೇ. ಸ್ನೇಹಿತರ ಜೊತೆ ಆಡುವ ಹಾಗೂ ಇರಲಿಲ್ಲ."

ಅತ್ತೆ: "ದುಡ್ಡಿನಲ್ಲಿ ಒಂದು ಪಾಲು ಸೈನಿಕರ ಕುಟುಂಬಕ್ಕೆ ಹೋಗುತ್ತಿತ್ತು. ಅದನ್ನು ಯಾರೂ ಹೇಳಲ್ಲ."

ಇಲ್ಲಿ ಪುಟ್ಟಕ್ಕ ಬಂದಳು. ಗುಂಡನ ಅಕ್ಕ. ಬೆಂಗಳೂರಿನಲ್ಲಿ ಅನಿಮೇಷನ್ ಕೆಲಸ. ಈ ವಿಷಯದಲ್ಲಿ ಮಾತಾಡುವ ಅರ್ಹತೆ ಇದ್ದವಳು ಅವಳೊಬ್ಬಳೇ, ಹಾಗಾಗಿ ಅವಳ ಮೆಸೇಜ್ ಎಲ್ಲರಿಗಿಂತ ಉದ್ದ ಇತ್ತು.

"ಟ್ರೈಲರ್ ಮಾಡುವವರು ಒಬ್ಬರು, ಆಟ ಮಾಡುವವರು ಇನ್ನೊಬ್ಬರು ಆಗಿರುವುದು ಎಷ್ಟೋ ಸಲ ಇದೆ. 2011ರಲ್ಲಿ ಡೆಡ್ ಐಲ್ಯಾಂಡ್ ಅಂತ ಒಂದು ಆಟದ ಟ್ರೈಲರ್ ಬಂತು. ಪುಟ್ಟ ಹುಡುಗಿ ಹೋಟೆಲ್ ಕಿಟಕಿಯಿಂದ ಬೀಳುವುದನ್ನು ಕೊನೆಯಿಂದ ಮೊದಲಿಗೆ, ಉಲ್ಟಾ ತೋರಿಸುತ್ತಾರೆ. ನೋಡಿದವರ ಕಣ್ಣಲ್ಲಿ ನೀರು. ಅದನ್ನು ಮಾಡಿದ್ದು ಗ್ಲಾಸ್ಗೋದ ಆಕ್ಸಿಸ್ ಅನ್ನುವ ಅನಿಮೇಷನ್ ಕಂಪನಿ. ಕ್ಯಾನ್ ಜಾಹೀರಾತು ಉತ್ಸವದಲ್ಲಿ ಚಿನ್ನ ಬಂತು. ಆಟ ಮಾಡಿದ್ದು ಪೋಲೆಂಡಿನವರು. ಅದರಲ್ಲಿ ಆ ಕುಟುಂಬದ ಕಥೆ ಇಲ್ಲ. ದ್ವೀಪದ ತುಂಬ ಜೋಂಬಿಗಳಿಗೆ ಬಡಿಯುತ್ತಾ ತಿರುಗುವುದು.

ಆಟದೊಳಗಿಂದಲೇ ತೆಗೆದ ದೃಶ್ಯ ಅಂದರೂ ಪೂರ್ತಿ ನಂಬಬೇಡಿ. ಪ್ರದರ್ಶನಕ್ಕೆ ಅಂತಲೇ ಒಂದು ತುಂಡನ್ನು ತಿಂಗಳುಗಟ್ಟಲೆ ತಿದ್ದುತ್ತಾರೆ. ಆ ಬೆಳಕು, ಆ ನೆರಳು ಇಡೀ ಆಟಕ್ಕೆ ಹಾಕಿದರೆ ಮನೆಯ ಯಂತ್ರ ಎಳೆಯಲ್ಲ. ಆಮೇಲೆ ಇಳಿಸುತ್ತಾರೆ. ಏಲಿಯನ್ಸ್: ಕೊಲೋನಿಯಲ್ ಮರೀನ್ಸ್ ಅನ್ನುವ ಆಟ 2013ರಲ್ಲಿ ಬಂದಾಗ ತೋರಿಸಿದ್ದೇ ಬೇರೆ, ಕೊಟ್ಟಿದ್ದೇ ಬೇರೆ ಅಂತ ಅಮೆರಿಕದಲ್ಲಿ ಕೇಸ್ ಹಾಕಿದರು. ಬ್ರಿಟನ್‌ನಲ್ಲಿ ಜಾಹೀರಾತು ಪ್ರಾಧಿಕಾರಕ್ಕೆ ದೂರು ಹೋಯಿತು. ಆ ಆಟ ಹೊರತಂದ ಸೇಗಾ ಕಂಪನಿ ಟ್ರೈಲರ್‌ಗೆ ಸೂಚನೆ ಸೇರಿಸಲು ಒಪ್ಪಿತು.

ಬೈದವರೂ ಎಡವಿದ್ದಾರೆ. 2016ರ ಕಾಲ್ ಆಫ್ ಡ್ಯೂಟಿ ಆಟದ ಟ್ರೈಲರ್‌ಗೆ ಯೂಟ್ಯೂಬ್‌ನಲ್ಲಿ 30 ಲಕ್ಷಕ್ಕೂ ಜಾಸ್ತಿ ಡಿಸ್‌ಲೈಕ್. ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಟ ಅದೇ. ಗುಂಡ, ನೀನು 2023ರಲ್ಲಿ ಜಿಟಿಎ ಟ್ರೈಲರ್ ನೋಡಿ ಕುಣಿದೆಯಲ್ಲ, ಅದೇ ವಾರ ದಿ ಡೇ ಬಿಫೋರ್ ಅನ್ನುವ ಆಟ ಬಂತು. ಟ್ರೈಲರ್ ನೋಡಿ ಜನ ವರ್ಷಗಟ್ಟಲೆ ಕಾದಿದ್ದರು. ಡಿಸೆಂಬರ್ 7ಕ್ಕೆ ಬಿಡುಗಡೆ, 11ಕ್ಕೆ ಕಂಪನಿಯೇ ಬಾಗಿಲು ಹಾಕಿತು.

ಜಿಟಿಎ 6ರ ಎರಡನೇ ಟ್ರೈಲರ್ ಪಿಎಸ್5ನಲ್ಲೇ ತೆಗೆದದ್ದು, ಅರ್ಧ ಆಟ, ಅರ್ಧ ಕಥೆಯ ದೃಶ್ಯ ಅಂತ ಕಂಪನಿ ಹೇಳಿದೆ. ಯಾವ ಅರ್ಧ ಯಾವುದು ಅಂತ ನೋಡಿದರೆ ಗೊತ್ತಾಗಲ್ಲ. ಬಿಡುಗಡೆ 2025 ಅಂದರು, ಆಮೇಲೆ 2026ರ ಮೇ 26 ಅಂದರು, ಆಮೇಲೆ ನವೆಂಬರ್ 19 ಅಂದರು.

ಅತ್ತೆ, ಹನ್ನೊಂದು ವರ್ಷದವನಿಗೆ ಬೇಡ ಅನ್ನೋಕೆ ಟ್ರೈಲರ್ ಬೇಕಾಗಿಲ್ಲ. ಹಿಂದಿನ ಜಿಟಿಎ ಡಬ್ಬಿ ಮೇಲೆ ಯುರೋಪಿನಲ್ಲಿ 18 ಅಂತ ದಪ್ಪಗೆ ಅಚ್ಚು ಹಾಕಿದ್ದಾರೆ. ಅದನ್ನು ತೋರಿಸಿ ಸಾಕು."

ಉದ್ದ ಮೆಸೇಜ್ ಆದರೆ ವಾಟ್ಸಾಪ್ ಅರ್ಧಕ್ಕೆ ಮುಚ್ಚಿ 'ಇನ್ನಷ್ಟು ಓದಿ' ಅನ್ನುತ್ತದೆ. ಅತ್ತೆಗೆ ಬೇಕಿದ್ದ ಉತ್ತರ ಅದರ ಕೆಳಗೆ, ಕೊನೆಯಲ್ಲಿತ್ತು. ಅತ್ತೆ ಮೇಲಿನ ಭಾಗಕ್ಕೆ ಹೆಬ್ಬೆರಳು ಒತ್ತಿದರು, "ನೋಡು, ಪುಟ್ಟಿನೂ ಟ್ರೈಲರ್ ಕೆಟ್ಟದ್ದು ಅಂತಾಳೆ" ಅಂತ. ಗುಂಡ ಹಾರ್ಟ್ ಒತ್ತಿದ. ದೊಡ್ಡಪ್ಪ "ಸಾರಾಂಶ ಹೇಳಮ್ಮ" ಅಂದರು. ಚಿಕ್ಕಪ್ಪ ಮಾತ್ರ ಓದಿದ್ದರು: "ಮಾಹಿತಿ ಚೆನ್ನಾಗಿದೆ. ಚಿನ್ನದ ಪ್ರಶಸ್ತಿಗೆ ದಾಖಲೆ ಇದೆಯಾ?"

ಪುಟ್ಟಕ್ಕ ಸಾರಾಂಶ ಬರೆಯುತ್ತಾ, ಜಿಟಿಎ ಮಾಡುವ ರಾಕ್‌ಸ್ಟಾರ್ ಕಂಪನಿಯ ಸ್ಟುಡಿಯೋ ಒಂದು ಬೆಂಗಳೂರಿನಲ್ಲೇ ಇದೆ, 1997ರಲ್ಲಿ ಇಲ್ಲೇ ಶುರುವಾದ ಧ್ರುವ ಇಂಟರಾಕ್ಟಿವ್ ಅನ್ನುವ ಗೇಮ್ ಕಂಪನಿಯನ್ನೂ 2019ರಲ್ಲಿ ಅವರೇ ತೆಗೆದುಕೊಂಡರು ಅಂತ ಒಂದು ಸಾಲು ಸೇರಿಸಿದಳು. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಪ್ಪ: "ಸಂಬಳ ಹೇಗಂತೆ? ನಮ್ಮ ಗುಂಡನಿಗೆ ಅಲ್ಲಿ ನೋಡಬಹುದಾ?"

ಪುಟ್ಟಕ್ಕ: "ಅಪ್ಪಾ, ಅಂಥದ್ದೇ ಕೆಲಸಕ್ಕೆ ನಾನು ಸೇರಿದಾಗ ಬೊಂಬೆ ಬರೆಯೋ ಕೆಲಸ ಅಂದಿದ್ದಿರಿ."

ಇದಕ್ಕೆ ದೊಡ್ಡಪ್ಪನ ಉತ್ತರ ಬರುವ ಮೊದಲು ಮೈಸೂರಣ್ಣ ನೆನಪಿನ ಬುತ್ತಿ ಬಿಚ್ಚಿದ. ಜಗಳ ಎಲ್ಲಿಗೆ ಮುಟ್ಟಿದರೂ ಅವನು ಬಾಲ್ಯಕ್ಕೆ ಹೋಗುತ್ತಾನೆ. "ಜಿಟಿಎ ಅಂದರೆ ಆ ಹಳೇ ವೈಸ್ ಸಿಟಿ ಆಟನೇ. ಸರಸ್ವತಿಪುರಂ ಸೈಬರ್ ಕೆಫೆ ನೆನಪಿದೆಯೇನೋ ಗುಂಡ? ಪ್ಯಾಂಜರ್ ಅಂತ ಟೈಪ್ ಮಾಡಿದರೆ ಟ್ಯಾಂಕ್ ಬೀಳ್ತಿತ್ತು. ಆಟಿಕೆ ಹೆಲಿಕಾಪ್ಟರ್‌ನಲ್ಲಿ ಬಾಂಬ್ ಇಡೋ ಮಿಷನ್! ನಾಲ್ಕನೇದು ಇಡೋಷ್ಟರಲ್ಲಿ ಟೈಮ್ ಮುಗಿದೇ ಹೋಗ್ತಿತ್ತು. ಆಗ ಟ್ರೈಲರ್ ಎಲ್ಲಿತ್ತು ನಮಗೆ? ಪಕ್ಕದ ಸೀಟಿನವನ ಸ್ಕ್ರೀನೇ ಟ್ರೈಲರ್."

ಇಡೀ ದಿನ ಬಂದ ಮಾತುಗಳಲ್ಲಿ ನನಗೆ ಒಪ್ಪಿತವಾದದ್ದು ಇದೊಂದೇ. ಪಕ್ಕದವನು ಎಲ್ಲಿ ಸಿಕ್ಕಿಕೊಂಡ, ಎಲ್ಲಿ ಬೇಜಾರಾಗಿ ಕುರ್ಚಿ ಹಿಂದಕ್ಕೆ ತಳ್ಳಿದ, ಎಲ್ಲಾ ಕಾಣುತ್ತಿತ್ತು. ಹೊಸ ಆಟವೂ ಅದೇ ವೈಸ್ ಸಿಟಿ ಅನ್ನುವ ಊರಿಗೆ ವಾಪಸು ಹೋಗುತ್ತಿದೆ ಅಂತ ಹೇಳಲು ಯಾರಿಗೂ ಹೊಳೆಯಲಿಲ್ಲ. ಆ ಹೆಲಿಕಾಪ್ಟರ್ ಮಿಷನ್ ಮುಗಿಸಿದ್ದು ಯಾರು ಅಂತ ಚರ್ಚೆ ಶುರುವಾಯಿತು. ಗುಂಡ ನಾನೇ ಅಂದ. ಮೈಸೂರಣ್ಣ, ನೀನು ಪಕ್ಕದಲ್ಲಿ ಕಡಲೇಕಾಯಿ ತಿನ್ನುತ್ತಿದ್ದೆ ಅಂದ. ಚಿಕ್ಕಪ್ಪ, ಕಾಲೇಜಿಗೆ ಕೊಟ್ಟ ಬಸ್ ಚಾರ್ಜ್ ಇದಕ್ಕೇ ಹೋಗಿತ್ತಾ ಅಂತ ಮಗನನ್ನು ಕೇಳಿದರು.

ಮಾತು ಬದಲಿಸಲು ಗುಂಡ ಒಂದು ಮೆಸೇಜ್ ಹಾಕಿದ. ಹಾಕಬಾರದಿತ್ತು. "ಏನೇ ಹೇಳಿ, ನಾನು ಟ್ರೈಲರ್ ನೋಡಿ ಯಾವತ್ತೂ ಮೋಸ ಹೋಗಿಲ್ಲ."

ಪುಟ್ಟಕ್ಕ: "ಸೈಬರ್‌ಪಂಕ್?"

ಸೈಬರ್‌ಪಂಕ್ ಅನ್ನುವ ಆಟದ ಪ್ರಚಾರಕ್ಕೆ 2019ರಲ್ಲಿ ಹಾಲಿವುಡ್ ನಟ ಕಿಯಾನು ರೀವ್ಸ್ ವೇದಿಕೆ ಮೇಲೆ ಬಂದದ್ದು ನೋಡಿ ಗುಂಡ ತೀರ್ಮಾನ ಮಾಡಿಬಿಟ್ಟಿದ್ದ. 2020ರ ಡಿಸೆಂಬರ್ 10ಕ್ಕೆ ಆಟ ಬಂತು. ಅವನ ಹಳೇ ಪಿಎಸ್4ನಲ್ಲಿ ಅದು ತೆವಳುತ್ತಿತ್ತು, ಮಧ್ಯೆ ಮಧ್ಯೆ ನಿಂತೇ ಹೋಗುತ್ತಿತ್ತು. ವಾರ ತುಂಬುವಷ್ಟರಲ್ಲಿ, 17ರಂದು, ಸೋನಿ ತನ್ನ ಅಂಗಡಿಯಿಂದ ಅದನ್ನು ತೆಗೆದೇ ಹಾಕಿತು. ಆ ಆಟಕ್ಕೆ ಪುಟ್ಟಕ್ಕ ಅವನಿಗೆ ಮೂರು ಸಾವಿರ ಸಾಲ ಕೊಟ್ಟಿದ್ದಳು.

ಗುಂಡ: "2023ರಲ್ಲಿ ಅದರ ಹೆಚ್ಚುವರಿ ಭಾಗ ಫ್ಯಾಂಟಮ್ ಲಿಬರ್ಟಿ ಬಂದ ಮೇಲೆ ಎಲ್ಲಾ ಸರಿಹೋಯಿತು ಕಣೇ."

ಪುಟ್ಟಕ್ಕ: "ಅದು ಪಿಎಸ್4ಗೆ ಬರಲೇ ಇಲ್ಲ ಕಣೋ. ಸೋನಿ ಪೂರ್ತಿ ದುಡ್ಡು ವಾಪಸ್ ಕೊಡ್ತು. ನನ್ನ ಮೂರು ಸಾವಿರ ಎಲ್ಲಿ?"

ಗುಂಡ: "ಅದು ಅವರ ಅಂಗಡಿಯಿಂದ ತಗೊಂಡವರಿಗೆ ಮಾತ್ರ. ನಂದು ಡಿಸ್ಕ್."

ಪುಟ್ಟಕ್ಕ: "ಡಿಸ್ಕಾ? ರಾತ್ರಿಯಿಡೀ ಡೌನ್‌ಲೋಡ್ ಆಗಿ ಬೆಳಿಗ್ಗೆ ನನ್ನ ಮೀಟಿಂಗ್ ಕಟ್ ಆಯ್ತಲ್ಲ?"

ಗುಂಡ: "ಅದು ಪ್ಯಾಚ್."

ಇದು ಸುಳ್ಳು ಅಂತ ಸಾಬೀತು ಮಾಡುವುದು ಕಷ್ಟವಿತ್ತು. ಡಿಸ್ಕ್ ಕೊಂಡವರೂ ಆಗ ದೊಡ್ಡ ಪ್ಯಾಚ್, ಅಂದರೆ ಆಟದ ದೋಷ ತಿದ್ದುವ ಫೈಲ್, ಇಳಿಸಿಕೊಳ್ಳಬೇಕಾಗಿತ್ತು. ಚಿಕ್ಕಪ್ಪ ಬಿಲ್ ಕೇಳಿದರು. ಗುಂಡ ಬಿಲ್ ಕಳೆದುಹೋಗಿದೆ ಅಂದ. ಆಗ ದೊಡ್ಡಮ್ಮ ಬರೆದರು: "ಆ ಶೋಕೇಸ್ ಒರೆಸುವವಳು ನಾನು. ಕ್ರಿಕೆಟ್ ಡಬ್ಬಿ ಇದೆ, ಕಾರಿನದ್ದು ಎರಡಿದೆ. ಸೈಬರ್ ಅಂತ ಯಾವ ಡಬ್ಬಿಯೂ ಇಲ್ಲ. ಯಾವತ್ತೂ ಇರಲಿಲ್ಲ."

ದೊಡ್ಡಪ್ಪ ಆನ್‌ಲೈನ್ ಇದ್ದವರು ಮಾಯವಾದರು. ಅತ್ತೆ ಬೆಳಗಿನ ಸಂದೇಶಕ್ಕೆ ಇನ್ನೂ ಒಂದೇ ಒಂದು ಬೆಂಬಲ ಸಿಕ್ಕಿಲ್ಲ ಅಂತ ನೆನಪಿಸಿದರು. ಯಾರೂ ಕಿವಿಗೊಡಲಿಲ್ಲ.

ಹತ್ತು ನಿಮಿಷದ ಮೇಲೆ ಗುಂಡ ಒಂದು ಸ್ಕ್ರೀನ್‌ಶಾಟ್ ಹಾಕಿದ. ಹಸಿರು ಟಿಕ್, ₹3,000, ಪುಟ್ಟಕ್ಕನ ಹೆಸರು. "ಸಮಾಧಾನ ಆಯ್ತಾ?"

ಪುಟ್ಟಕ್ಕ: "ಬಡ್ಡಿ?"

ಚಿಕ್ಕಪ್ಪ: "ಗುಂಡ, ವಹಿವಾಟಿನ ಯುಟಿಆರ್ ನಂಬರ್ ಕಟ್ ಆಗಿದೆ. ಪೂರ್ತಿ ಕಾಣುವ ಹಾಗೆ ಇನ್ನೊಂದು ಹಾಕಪ್ಪ."