ಪದಚರ್ಚೆ: 'ಏರಿಸುವ ವೇಗ ಏರಿಸುವುದು' – ಬೇರೆ ಪದ ಬೇಕು

ಗೆಳೆಯರೇ,

ಫೋನ್ ತಂತಿಯ ಬ್ರಾಡ್‌ಬ್ಯಾಂಡ್, ಅಂದರೆ ಎಡಿಎಸ್‌ಎಲ್ ಬಳಸುವವರಿಗಾಗಿ ಕನ್ನಡದಲ್ಲಿ ಒಂದು ಪುಟ್ಟ ಸಹಾಯಪುಟ ಬರೆಯುತ್ತಿದ್ದೇನೆ. ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡೆ. ಅಪ್‌ಲೋಡ್‌ಗೆ 'ಏರಿಸು', ಡೌನ್‌ಲೋಡ್‌ಗೆ 'ಇಳಿಸು' ಅನ್ನುತ್ತೇವೆ. ಫೋಟೋ ಏರಿಸಿದೆ, ಹಾಡು ಇಳಿಸಿಕೊಂಡೆ, ಇಲ್ಲಿ ತೊಂದರೆ ಇಲ್ಲ. ಜೊತೆಗೆ 'ವೇಗ' ಬಂತೋ, ಕೆಟ್ಟಿತು. 'ಏರಿಸುವ ವೇಗ ಏರಿಸುವುದು ಹೇಗೆ?', 'ಇಳಿಸುವ ವೇಗ ಇಳಿದಿದೆ'. ಓದುವವರಿಗೆ ಏನು ತಿಳಿಯಬೇಕು? ಲೋಡ್‌ಗೆ ನಮ್ಮದೇ 'ಹೇರು' ಇದೆ, ಗಾಡಿಗೆ ಮೂಟೆ ಹೇರುತ್ತೇವೆ. ಆದರೆ 'ಹೇರಿಕೆ' ಅಂದ ಕೂಡಲೇ ಒತ್ತಾಯದ ನೆನಪು ಬರುತ್ತೆ, ಅಲ್ವಾ?

'ಏರಿಸು' ನನಗೆ ಒಗ್ಗದಿರಲು ಇನ್ನೊಂದು ಕಾರಣ ಇದೆ. ತಂತಿಯಲ್ಲಿ ಮೇಲೆ, ಕೆಳಗೆ ಅನ್ನೋದೇ ಇಲ್ಲ. ಇರೋದು ಫ್ರೀಕ್ವೆನ್ಸಿಯ (ಸೆಕೆಂಡಿಗೆ ಎಷ್ಟು ಕಂಪನ ಅನ್ನೋದರ) ಪಾಲು. 4 ಕಿಲೋಹರ್ಟ್ಸ್‌ವರೆಗೆ ಮಾತಿಗೆ. ಸುಮಾರು 26ರಿಂದ 138 ನಾವು ಕಳಿಸಲಿಕ್ಕೆ. ಅಲ್ಲಿಂದ 1104ರವರೆಗೆ ನಮಗೆ ಬರಲಿಕ್ಕೆ. ಅದರ ಸುಧಾರಿಸಿದ ಬಗೆ ಎಡಿಎಸ್‌ಎಲ್2+ ಆದರೆ 2208ರವರೆಗೆ. ಕಳಿಸುವ ಪಾಲು ಎಷ್ಟು ಸಣ್ಣದು ನೋಡಿ. 'ಅನೆಕ್ಸ್ ಎಂ' ಅನ್ನೋ ಬಗೆಯಲ್ಲಿ 138ರ ಗಡಿಯನ್ನು 276ಕ್ಕೆ ಸರಿಸುತ್ತಾರೆ. ಮೋಡೆಮ್ಮೂ ಎಕ್ಸ್‌ಚೇಂಜೂ ಎರಡೂ ಅದಕ್ಕೆ ಒಪ್ಪಬೇಕು. ಆಗ ಹೋಗೋದು ಜಾಸ್ತಿ, ಬರೋದು ಸ್ವಲ್ಪ ಕಮ್ಮಿ. ಹೊಲದ ಬದು ಸರಿಸಿದ ಹಾಗೆ.

ನಮ್ಮ ಮನೆಗೆ ಬಂದ ಲೈನ್‌ಮನ್ ಮೋಡೆಮ್‌ನ ಪುಟ ತೆರೆದು ಎರಡು ಅಂಕಿ ತೋರಿಸಿದರು. "ಬರೋದು ಚೆನ್ನಾಗಿದೆ ಸಾರ್, ಹೋಗೋದೇ ಕಮ್ಮಿ." ಒಳಕೋಣೆಯ ಎರಡನೇ ಫೋನಿಗೆ ಸ್ಪ್ಲಿಟರ್, ಅಂದರೆ ಮಾತನ್ನೂ ಇಂಟರ್‌ನೆಟ್ಟನ್ನೂ ಬೇರ್ಪಡಿಸುವ ಪುಟ್ಟ ಡಬ್ಬಿ, ಇರಲಿಲ್ಲ. ಆ ವೈರು ಕಿತ್ತಿಟ್ಟು ಮೋಡೆಮ್ ಮತ್ತೆ ಹಾಕಿದರು. ಹೋಗೋದು 480 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್) ಇದ್ದದ್ದು 700 ದಾಟಿತು. 'ಬರೋದು, ಹೋಗೋದು' ಎಷ್ಟು ಸಲೀಸಾಗಿದೆ! ಸಹಾಯಪುಟದಲ್ಲಿ ಅದನ್ನೇ ಬರೆಯೋಣ ಅನ್ನಿಸಿತು. ಆದರೆ ಕೋಷ್ಟಕದ ತಲೆಗೆ ಒಂದು ಗಟ್ಟಿ ನಾಮಪದ ಬೇಕಲ್ಲ.

ಮಳೆಗಾಲದಲ್ಲಿ ಪೇಪರ್‌ನಲ್ಲಿ ಕೆಆರ್‌ಎಸ್ ಸುದ್ದಿ ಓದುತ್ತೇವೆ: ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ಅದೂ ಸೆಕೆಂಡಿಗೆ ಎಷ್ಟು ಅನ್ನೋ ಲೆಕ್ಕವೇ. 'ಹೊರಹರಿವು 480 ಕೆಬಿಪಿಎಸ್' ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 'ಹೊರಹರಿವು ಹೆಚ್ಚಿಸುವುದು ಹೇಗೆ?' ಅಂತ ತಲೆಬರಹವೂ ಆಯಿತು. ಕ್ರಿಯಾಪದ ಬೇಕಾದ ಕಡೆ 'ಕಳಿಸು' ಸಾಕು.

ಒಂದೇ ಅನುಮಾನ. ಅಣೆಕಟ್ಟು ತುಂಬಿದ್ದಾಗ ಒಳಹರಿವು ಹೆಚ್ಚಿದರೆ ಹೊರಹರಿವೂ ಹೆಚ್ಚುತ್ತೆ. ಇಲ್ಲಿ ಹಾಗಿಲ್ಲ, ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೆ ಕಮ್ಮಿ. ಈ ಪದ ಓದುವವರ ದಾರಿ ತಪ್ಪಿಸುತ್ತಾ? ನಿಮ್ಮ ಕಡೆ ಲೈನ್ ಕೆಲಸದವರು ಇದಕ್ಕೆ ಏನನ್ನುತ್ತಾರೆ? ದಯವಿಟ್ಟು ತಿಳಿಸಿ.