ಡಿಇಎಫ್ ಟ್ಯಾಂಕ್ ತುಂಬಿದೆ, ಆದರೂ ‘ಇನ್ನು 380 ಕಿ.ಮೀ. ಅಷ್ಟೇ’ ಅಂತಿದೆ ಗಾಡಿ!

ಸೋನಾಮಸೂರಿ_ಗಂಗಾವತಿ · ಶನಿವಾರ, ರಾತ್ರಿ 10:52

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನದು ಬಿಎಸ್6 ಮಿನಿ ಬಸ್. ಒಳಗೆ ಮಂಚ, ಒಲೆ, ಸಿಂಕ್ ಎಲ್ಲ ಹಾಕಿಸಿ ಕ್ಯಾಂಪರ್ ಮಾಡಿಸಿದ್ದೇನೆ. ದಸರಾ ರಜೆಗೆ ಮಕ್ಕಳನ್ನು ಗೋಕರ್ಣಕ್ಕೆ ಕರೆದುಕೊಂಡು ಹೋಗೋಣ ಅಂತ ಮೊನ್ನೆ ಹೊರಗೆ ತೆಗೆದರೆ ಮೀಟರ್‌ನಲ್ಲಿ ಹಳದಿ ದೀಪ. ಡಿಇಎಫ್ (ಡೀಸೆಲ್ ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ನೀರು) ಕಡಿಮೆ ಆಗಿರಬೇಕು ಅಂತ ಫುಲ್ ಮಾಡಿದೆ. ದೀಪ ಹೋಗಲಿಲ್ಲ. ಈಗ ‘380 ಕಿ.ಮೀ. ಆದಮೇಲೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ’ ಅಂತ ಬರುತ್ತಿದೆ. ಏರು ಬಂದರೆ ಎಳೆಯುವುದೇ ಇಲ್ಲ. ಆನೆಗೊಂದಿ ಕಡೆ ಹೋಗಿ ಬರುವಷ್ಟರಲ್ಲಿ ಒಂದು ಟ್ರ್ಯಾಕ್ಟರ್ ನನ್ನನ್ನು ಹಿಂದೆ ಹಾಕಿತು, ಟ್ರೈಲರ್ ಸಮೇತ.

ಸರ್ವಿಸ್ ಸೆಂಟರ್‌ನವರು ಡಿಇಎಫ್ ಪಂಪ್ ಮಾಡ್ಯೂಲ್ ಪೂರ್ತಿ ಬದಲಿಸಬೇಕು, ಸ್ಟಾಕ್ ಇಲ್ಲ, ಆರು ವಾರ ಕಾಯಿರಿ ಅಂದರು. ಹೊಸಪೇಟೆ, ಹುಬ್ಬಳ್ಳಿ, ಹೈದರಾಬಾದ್, ಎಲ್ಲ ಕಡೆ ಫೋನ್ ಮಾಡಿದೆ. ಎಲ್ಲೂ ಇಲ್ಲ. ಬೆಲೆ ಕೇಳಿದರೆ ಒಂದು ಎಕರೆ ಭತ್ತದ ಲೆಕ್ಕ. ಏನು ಮಾಡಲಿ?

ಬಿಸಿಲೂರ_ಬಂಡಿ · ಶನಿವಾರ, ರಾತ್ರಿ 11:10

ಯೂರಿಯಾ ಎಲ್ಲಿಂದ ತಂದಿರಿ? ಮೊದಲು ಅದು ಹೇಳಿ. ನಮ್ಮ ರಾಯಚೂರು ಕಡೆ ಗೊಬ್ಬರದ ಯೂರಿಯಾವನ್ನೇ ನೀರಲ್ಲಿ ಕಲಸಿ ಬಕೆಟ್ ಲೆಕ್ಕದಲ್ಲಿ ಮಾರುವ ಮಹಾನುಭಾವರಿದ್ದಾರೆ. ಅದಕ್ಕೆ ಬೇವಿನೆಣ್ಣೆ ಲೇಪನ ಇರುತ್ತದೆ. ಒಂದು ಸಲ ಸಿಸ್ಟಂ ಒಳಗೆ ಹೋದರೆ ಮುಗಿಯಿತು.

ಸೋನಾಮಸೂರಿ_ಗಂಗಾವತಿ · ಶನಿವಾರ, ರಾತ್ರಿ 11:24

ಅಣ್ಣಾ, ನಾನು ವರ್ಷಕ್ಕೆ ಎಷ್ಟು ಚೀಲ ಯೂರಿಯಾ ಗದ್ದೆಗೆ ಹಾಕುತ್ತೇನೆ ಗೊತ್ತಾ? 45 ಕೆ.ಜಿ. ಚೀಲಕ್ಕೂ ಡಿಇಎಫ್ ಬಕೆಟ್‌ಗೂ ವ್ಯತ್ಯಾಸ ಗೊತ್ತಿಲ್ಲದಷ್ಟು ದಡ್ಡನಲ್ಲ. ಸೀಲ್ ಇದ್ದ ಒಳ್ಳೆ ಕಂಪನಿ ಬಕೆಟ್ಟೇ.

ಬಿಸಿಲೂರ_ಬಂಡಿ · ಶನಿವಾರ, ರಾತ್ರಿ 11:31

ಸೀಲ್ ಇದ್ದರೆ ಸಾಲದು. ಯಾವಾಗ ತಂದದ್ದು, ಎಲ್ಲಿ ಇಟ್ಟಿದ್ದು? ಡಿಇಎಫ್ ಅಂದರೆ 32.5% ಯೂರಿಯಾ, ಉಳಿದದ್ದು ಖನಿಜ ತೆಗೆದ ಶುದ್ಧ ನೀರು. ಬಿಸಿಲಿಗೆ ಇಟ್ಟರೆ ಕೆಡುತ್ತದೆ. 35 ಡಿಗ್ರಿ ದಾಟಿದ ಜಾಗದಲ್ಲಿ ಆರು ತಿಂಗಳು ಬಾಳಿದರೆ ಹೆಚ್ಚು. ನಮ್ಮ ಕಡೆ ಮೇ ತಿಂಗಳಲ್ಲಿ 35 ಅಂದರೆ ತಂಪು ದಿನ.

ಸೋನಾಮಸೂರಿ_ಗಂಗಾವತಿ · ಭಾನುವಾರ, ಬೆಳಿಗ್ಗೆ 6:40

ಯುಗಾದಿ ಹೊತ್ತಿಗೆ ತಂದದ್ದು. ಪಂಪ್‌ಸೆಟ್ ಶೆಡ್‌ನಲ್ಲಿತ್ತು. ತಗಡಿನ ಶೆಡ್. ಅರ್ಧ ಆಗಲೇ ಹಾಕಿದ್ದೆ, ಉಳಿದರ್ಧ ಈಗ ಹಾಕಿದೆ. ಆದರೆ ಹಳದಿ ದೀಪ ಬಂದದ್ದು ಹಾಕುವ ಮುಂಚೆ ಅಲ್ವಾ?

ಬಿಸಿಲೂರ_ಬಂಡಿ · ಭಾನುವಾರ, ಬೆಳಿಗ್ಗೆ 6:58

ತಗಡಿನ ಶೆಡ್! ಕೇಸ್ ಮುಗಿಯಿತು. ಟ್ಯಾಂಕ್ ಖಾಲಿ ಮಾಡಿ, ಹೊಸದು ಹಾಕಿ.

ತೋರಣಗಲ್ಲು_ಟಿಪ್ಪರ್ · ಭಾನುವಾರ, ಬೆಳಿಗ್ಗೆ 9:15

ಇಷ್ಟೊಂದು ಮಾತಾಡಿದಿರಿ, ಫಾಲ್ಟ್ ಕೋಡ್ ಏನು ಅಂತ ಒಬ್ಬರೂ ಕೇಳಲಿಲ್ಲ. ಸ್ಕ್ಯಾನರ್ ಹಾಕಿದ್ದರಾ?

ಸೋನಾಮಸೂರಿ_ಗಂಗಾವತಿ · ಭಾನುವಾರ, ಬೆಳಿಗ್ಗೆ 9:50

ಹಾಕಿದ್ದರು. ಚೀಟಿಯಲ್ಲಿ ಪಿ20ಇ8 ಅಂತ ಬರೆದು ಕೊಟ್ಟಿದ್ದಾರೆ. ಅದು ಅವರ ಲೆಕ್ಕದ ನಂಬರ್ ಅಂದುಕೊಂಡು ಇಲ್ಲಿ ಹಾಕಲಿಲ್ಲ.

ತೋರಣಗಲ್ಲು_ಟಿಪ್ಪರ್ · ಭಾನುವಾರ, ಬೆಳಿಗ್ಗೆ 10:05

ಅದೇ ಮುಖ್ಯ ರೀ! ಪಿ20ಇ8 ಅಂದರೆ ಡಿಇಎಫ್ ಪ್ರೆಷರ್ ಕಡಿಮೆ. ಯೂರಿಯಾ ಗುಣಮಟ್ಟ ಕೆಟ್ಟಿದ್ದರೆ ಪಿ207ಎಫ್ ಬರುತ್ತದೆ. ಪ್ರೆಷರ್ ಅಂದಮೇಲೆ ಪಂಪ್, ಫಿಲ್ಟರ್, ಪೈಪ್, ಇಂಜೆಕ್ಟರ್, ಇಲ್ಲಾಂದರೆ ವೈರ್. ಈ ಐದು ನೋಡದೆ ಪಂಪ್ ಪೂರ್ತಿ ಬದಲಿಸಿ ಅನ್ನುವುದು ಸೋಮಾರಿತನ.

ಬಿಸಿಲೂರ_ಬಂಡಿ · ಭಾನುವಾರ, ಬೆಳಿಗ್ಗೆ 10:20

ಕೆಟ್ಟ ಯೂರಿಯಾ ಹರಳುಗಟ್ಟಿ ಫಿಲ್ಟರ್ ಕಟ್ಟಿಕೊಂಡರೆ ಪ್ರೆಷರ್ ಬೀಳುವುದಿಲ್ವಾ? ಸುತ್ತಿ ಬಳಸಿ ನನ್ನ ಮಾತಿಗೇ ಬಂದಿರಿ. ಆಡ್‌ಬ್ಲೂ ಹಾಕಿದ್ದರೆ ಈ ತೊಂದರೆ ಇರುತ್ತಿರಲಿಲ್ಲ.

ಓದುಗ_ಕೊಪ್ಪಳ · ಭಾನುವಾರ, ಬೆಳಿಗ್ಗೆ 11:02

ಆಡ್‌ಬ್ಲೂ, ಡಿಇಎಫ್ ಎರಡೂ ಒಂದೇ ಸ್ವಾಮಿ. ಆಡ್‌ಬ್ಲೂ ಅನ್ನುವುದು ಜರ್ಮನಿಯ ವಾಹನ ಉದ್ಯಮ ಸಂಘದ ಟ್ರೇಡ್‌ಮಾರ್ಕ್. ಐಎಸ್ಒ 22241 ಅಂತ ಇದ್ದರೆ ಸಾಕು.

ಬಿಸಿಲೂರ_ಬಂಡಿ · ಭಾನುವಾರ, ಬೆಳಿಗ್ಗೆ 11:09

ಒಂದೇ ಆದರೆ ಎರಡು ಹೆಸರು ಯಾಕೆ?

ಓದುಗ_ಕೊಪ್ಪಳ · ಭಾನುವಾರ, ಬೆಳಿಗ್ಗೆ 11:15

ನಿಮಗೂ ಮನೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು ಹೆಸರು ಇಲ್ವಾ?

ಇನ್ನು ಪಾರ್ಟ್ ಕೊರತೆ ನಮ್ಮೂರಲ್ಲೇ ಅಂದುಕೊಳ್ಳಬೇಡಿ. 2021ರಲ್ಲಿ ಅಮೆರಿಕದ ಮೋಟರ್‌ಹೋಮ್‌ನವರಿಗೂ ಇದೇ ಗತಿ ಆಗಿತ್ತು. ಡಿಇಎಫ್ ಟ್ಯಾಂಕ್ ಒಳಗಿನ ಸೆನ್ಸರ್ ಕೆಡುವುದು, ಚಿಪ್ ಕೊರತೆಯಿಂದ ಹೊಸ ಸೆನ್ಸರ್ ಸಿಗದಿರುವುದು. ಲಕ್ಷಗಟ್ಟಲೆ ಡಾಲರ್ ಗಾಡಿ ಗಂಟೆಗೆ ಐದು ಮೈಲಿ ವೇಗದಲ್ಲಿ ತೆವಳುತ್ತಿತ್ತು. ಕೊನೆಗೆ ಅಲ್ಲಿನ ಪರಿಸರ ಸಂಸ್ಥೆ ಇಪಿಎ ಒಪ್ಪಿಗೆ ಕೊಟ್ಟು, ಸೆನ್ಸರ್ ಕೆಟ್ಟರೂ ಗಾಡಿ ಓಡುವಂಥ ಸಾಫ್ಟ್‌ವೇರ್ ತಾತ್ಕಾಲಿಕವಾಗಿ ಬಂತು. ಅದೇ ವರ್ಷ ಚೀನಾ ಯೂರಿಯಾ ರಫ್ತಿಗೆ ಬಿಗಿ ಹಾಕಿ, ದಕ್ಷಿಣ ಕೊರಿಯಾದಲ್ಲಿ ಲಾರಿಗಳಿಗೆ ಯೂರಿಯಾ ನೀರೇ ಸಿಗದ ಹಾಗೆ ಆಯಿತು.

ಸೋನಾಮಸೂರಿ_ಗಂಗಾವತಿ · ಭಾನುವಾರ, ಮಧ್ಯಾಹ್ನ 12:30

ಅಮೆರಿಕ, ಕೊರಿಯಾ ಎಲ್ಲ ಸರಿ. ಸ್ವಲ್ಪ ಗಂಗಾವತಿಗೂ ಬನ್ನಿ.

ಮೂರನೇ_ಗೇರ್ · ಭಾನುವಾರ, ಮಧ್ಯಾಹ್ನ 1:12

ಯಾಕಿಷ್ಟು ಒದ್ದಾಟ? ಡಿಇಎಫ್ ಸರಿಯಾಗಿದೆ ಅಂತ ಗಾಡಿಗೆ ಸುಳ್ಳು ಹೇಳುವ ಒಂದು ಎಮ್ಯುಲೇಟರ್ ಡಬ್ಬಿ ಹಾಕಿಸಿ. ಡಿಇಎಫ್ ಗೋಜೇ ಇಲ್ಲ.

ತೋರಣಗಲ್ಲು_ಟಿಪ್ಪರ್ · ಭಾನುವಾರ, ಮಧ್ಯಾಹ್ನ 1:40

ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಹೀಗೆಲ್ಲ ಗಾಡಿ ಬದಲಿಸುವ ಹಾಗಿಲ್ಲ. ವಾರಂಟಿಯೂ ಹೋಗುತ್ತದೆ. ಅದೂ ಬಿಡಿ, ಹೊಗೆ ಕುಡಿಯುವವರು ನಾವೇ. ಅದಿರಿನ ಧೂಳು ಕುಡಿದದ್ದು ಸಾಲದಾ?

ಕುಷ್ಟಗಿ_ಕ್ಯಾಂಪರ್ · ಭಾನುವಾರ, ಸಂಜೆ 5:22

ಎಲ್ಲ ಓದಿದೆ. ನನ್ನ ಗಾಡಿಯಲ್ಲಿ ಇಂಥ ಕಿರಿಕಿರಿ ಒಂದೂ ಇಲ್ಲ, ಯಾಕಂದರೆ ಎಲೆಕ್ಟ್ರಿಕ್ ಕೆಲಸ ನಾನೇ ಕೂತು ಮಾಡಿದ್ದು. 200 ಎಎಚ್ ಲಿಥಿಯಂ, ಮೇಲೆ 550 ವ್ಯಾಟ್ ಸೋಲಾರ್, ಇನ್ವರ್ಟರ್ 2 ಕಿಲೋವ್ಯಾಟ್. ಮಿಕ್ಸಿಯಲ್ಲಿ ಶೇಂಗಾ ಚಟ್ನಿ ರುಬ್ಬಿಕೊಂಡು ತಿನ್ನುತ್ತೇವೆ. ಮಿಕ್ಸಿ ಓಡಿಸುವ ಈ ಬ್ಯಾಟರಿಗೂ ಎಂಜಿನ್ ಬ್ಯಾಟರಿಗೂ ಸಂಬಂಧವೇ ಇಲ್ಲದ ಹಾಗೆ ಬೇರೆ ಮಾಡಿದ್ದೇನೆ. ಫೋಟೋ ಬೇಕಾದರೆ ಹೇಳಿ.

ಸೋನಾಮಸೂರಿ_ಗಂಗಾವತಿ · ಭಾನುವಾರ, ಸಂಜೆ 5:45

ನನ್ನದು ಸಾದಾ ಟ್ಯೂಬ್ಯುಲರ್ ಬ್ಯಾಟರಿ ಅಣ್ಣ. ಎಂಜಿನ್ ಬ್ಯಾಟರಿ ಇಳಿಯಬಾರದು ಅಂತ ಒಂದು ಕಟ್-ಆಫ್ ಸ್ವಿಚ್ ಹಾಕಿಸಿದ್ದೇನೆ. ಕೀ ತೆಗೆದ ಕೂಡಲೇ ಅದನ್ನು ಟಕ್ ಅಂತ ತಿರುಗಿಸಿ ಇಳಿಯುತ್ತೇನೆ. ಬ್ಯಾಟರಿ ಒಂದು ದಿನವೂ ಇಳಿದಿಲ್ಲ.

ತೋರಣಗಲ್ಲು_ಟಿಪ್ಪರ್ · ಭಾನುವಾರ, ಸಂಜೆ 5:51

ತಡೀರಿ ತಡೀರಿ. ಕೀ ತೆಗೆದ ಕೂಡಲೇ? ಎಂಜಿನ್ ಬ್ಯಾಟರಿಯ ಕಟ್-ಆಫಾ?

ಸೋನಾಮಸೂರಿ_ಗಂಗಾವತಿ · ಭಾನುವಾರ, ಸಂಜೆ 5:53

ಹೌದು. ಸ್ವಿಚ್ ಸೀಟಿನ ಪಕ್ಕದಲ್ಲೇ ಇದೆ. ಯಾಕೆ?

ತೋರಣಗಲ್ಲು_ಟಿಪ್ಪರ್ · ಭಾನುವಾರ, ಸಂಜೆ 6:20

ಇದನ್ನು ಮೊದಲೇ ಹೇಳಬಾರದಿತ್ತಾ ಮಾರಾಯರೆ. ಎಂಜಿನ್ ಆಫ್ ಮಾಡಿದ ಮೇಲೂ ಹಿಂದುಗಡೆ ಸ್ವಲ್ಪ ಹೊತ್ತು ಗುಂಯ್ ಅಂತ ಸದ್ದು ಬರುತ್ತದೆ, ಕೇಳಿದ್ದೀರಾ? ಪೈಪ್‌ನಲ್ಲಿ ಉಳಿದ ಡಿಇಎಫ್ ಅನ್ನು ಪಂಪ್ ವಾಪಸ್ ಟ್ಯಾಂಕ್‌ಗೆ ಎಳೆದುಕೊಳ್ಳುವ ಸದ್ದು ಅದು. ನೀವು ಅದಕ್ಕೆ ಕರೆಂಟೇ ಸಿಗದ ಹಾಗೆ ಮಾಡುತ್ತಿದ್ದೀರಿ. ಡಿಇಎಫ್ ಪೈಪ್‌ನಲ್ಲಿ, ಇಂಜೆಕ್ಟರ್ ಬಾಯಲ್ಲಿ ಹಾಗೇ ನಿಲ್ಲುತ್ತದೆ. ಸೈಲೆನ್ಸರ್ ಬಿಸಿಗೆ ನೀರು ಆರಿ ಹೋಗಿ ಯೂರಿಯಾ ಗಟ್ಟಿಯಾಗುತ್ತದೆ. ಪ್ರತಿ ಸಲ ಒಂದೊಂದು ಪದರ.

ನಮ್ಮ ಟಿಪ್ಪರ್‌ಗಳಲ್ಲೂ ಡ್ರೈವರ್ ಹುಡುಗರು ಇದನ್ನೇ ಮಾಡುತ್ತಿದ್ದರು. ಈಗ ಸ್ವಿಚ್ ಪಕ್ಕ ‘ಎರಡು ನಿಮಿಷ ತಡಿ’ ಅಂತ ಪೇಂಟ್‌ನಲ್ಲಿ ಬರೆಸಿದ್ದೇನೆ.

ಇಂಜೆಕ್ಟರ್ ಬಿಚ್ಚಿ ನೋಡಿ. ಬಿಳಿ ಹರಳು ಇದ್ದರೆ ಕೆರೆಯಬೇಡಿ, ತಂತಿ ತೂರಿಸಬೇಡಿ. ಯೂರಿಯಾ ನೀರಿಗೆ ಕರಗುತ್ತದೆ. ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ. ಸ್ಟೀಲ್ ಪಾತ್ರೆ ಸಾಕು, ತಾಮ್ರ ಬೇಡ. ಬೋರ್ ನೀರಂತೂ ಬೇಡವೇ ಬೇಡ. ವಾಪಸ್ ಕೂರಿಸುವಾಗ ಗ್ಯಾಸ್ಕೆಟ್ ಹೊಸದು ಹಾಕಿ. ಪಂಪ್ ಕನೆಕ್ಟರ್ ಕಿತ್ತು ಪಿನ್ ಕೂಡ ನೋಡಿ.

ಬಿಸಿಲೂರ_ಬಂಡಿ · ಭಾನುವಾರ, ಸಂಜೆ 6:34

ಹಳೇ ಯೂರಿಯಾ ಆದ್ದರಿಂದಲೇ ಬೇಗ ಗಟ್ಟಿಯಾಗಿದ್ದು. ರಿಫ್ರಾಕ್ಟೋಮೀಟರ್‌ನಲ್ಲಿ ಅಳೆಯಿರಿ. ಯೂರಿಯಾ ಶೇಕಡಾ 31.8ರಿಂದ 33.2ರ ಒಳಗೆ ಇರಬೇಕು. ಇಲ್ಲದಿದ್ದರೆ ನನ್ನ ಮಾತು ಒಪ್ಪಿಕೊಳ್ಳಿ.

ಸೋನಾಮಸೂರಿ_ಗಂಗಾವತಿ · ಬುಧವಾರ, ರಾತ್ರಿ 9:30

ಬಿಚ್ಚಿದೆವು. ಊರಿನ ಮೆಕ್ಯಾನಿಕ್ ಹುಡುಗ ಜೊತೆಗಿದ್ದ. ಇಂಜೆಕ್ಟರ್ ತುದಿ ಕಾಣಲೇ ಇಲ್ಲ. ಅದರ ಮೇಲೆ ಕಲ್ಲುಸಕ್ಕರೆ ಹಾಗೆ ಬಿಳಿ ಗಡ್ಡೆ, ಬುಡದಲ್ಲಿ ಸ್ವಲ್ಪ ಕಂದು. ಮನೆಯವಳ ಚಹಾ ಪಾತ್ರೆಯಲ್ಲಿ ನೀರು ಬೆಚ್ಚಗೆ ಮಾಡಿ ಮುಳುಗಿಸಿದೆ. ಹತ್ತು ನಿಮಿಷಕ್ಕೆ ಗಡ್ಡೆ ಬಿಟ್ಟುಕೊಂಡು ತಳಕ್ಕೆ ಕೂತಿತು. ಇಪ್ಪತ್ತು ನಿಮಿಷಕ್ಕೆ ನೀರು ಮಜ್ಜಿಗೆ ತಿಳಿಯ ಹಾಗೆ ಮಸುಕಾಗಿ ಸಣ್ಣ ತೂತು ಕಂಡಿತು. ನೀರು ಬದಲಿಸಿ ಇನ್ನೆರಡು ಸಲ ಮಾಡಿದೆ. ಆ ಪಾತ್ರೆ ಇನ್ನು ಶೆಡ್‌ಗೇ ಅಂತ ತೀರ್ಪಾಗಿದೆ.

ಜೋಡಿಸಿ ಸ್ಟಾರ್ಟ್ ಮಾಡಿ, ಕೋಡ್ ಅಳಿಸಿ ಕಾರಟಗಿ ತನಕ ಹೋಗಿ ಬಂದೆ. ಹೋಗುವಾಗ ದೀಪ ಇಲ್ಲ, ಎಳೆತ ಚೆನ್ನಾಗಿತ್ತು. ಬರುವಾಗ ಸಿದ್ದಾಪುರ ಹತ್ತಿರ ಮತ್ತೆ ಅದೇ ದೀಪ, ಅದೇ ಕೋಡ್.

ಪಂಪ್ ಕನೆಕ್ಟರ್ ಕಿತ್ತು ನೋಡಿದರೆ ಒಂದು ಪಿನ್ ಮೇಲೆ ಹಸಿರು ಕಿಲುಬು. ಮುಟ್ಟಿದರೆ ಪುಡಿ ಉದುರುತ್ತದೆ.

ಬಂಡಿ ಅಣ್ಣ, ಯೂರಿಯಾ ಅಳೆಸಿದೆ. 34 ಬಂತು.

ಬಿಸಿಲೂರ_ಬಂಡಿ · ಬುಧವಾರ, ರಾತ್ರಿ 9:33

34! ನಾನು ಶನಿವಾರವೇ ಹೇಳಿದ್ದೆ.

ತೋರಣಗಲ್ಲು_ಟಿಪ್ಪರ್ · ಬುಧವಾರ, ರಾತ್ರಿ 10:01

ಮುಚ್ಚಳ ಸಡಿಲ ಇದ್ದು ನೀರು ಆರಿ 34 ಆಗಿದೆ, ಅಷ್ಟೇ. ಅದನ್ನು ಚೆಲ್ಲಿ ಹೊಸದು ಹಾಕಿ, ಸರಿ. ಆದರೆ ನಿಜವಾದ ರೋಗ ಆ ಕಿಲುಬು. ಡಿಇಎಫ್ ತಾಮ್ರವನ್ನು ತಿನ್ನುತ್ತದೆ. ಸಣ್ಣ ಸೋರಿಕೆ ಇದ್ದರೂ ವೈರ್ ಒಳಗೇ ಹತ್ತಿಕೊಂಡು ಹೋಗುತ್ತದೆ. ಕನೆಕ್ಟರ್ ಕತ್ತರಿಸಿ, ವೈರ್ ಒಳಗೆ ಎಲ್ಲಿಯ ತನಕ ಹಸಿರಾಗಿದೆ ನೋಡಿ. ಒಳ್ಳೆ ತಾಮ್ರ ಕಾಣುವ ತನಕ ಕತ್ತರಿಸಿ ಹೊಸ ಪಿಗ್‌ಟೇಲ್ (ವೈರ್ ಸಮೇತ ಬರುವ ಕನೆಕ್ಟರ್) ಹಾಕಿಸಿ. ಪಂಪ್ ಕಡೆಯ ಪಿನ್ನೇ ತಿಂದು ಹೋಗಿದ್ದರೆ ಮಾತ್ರ ಮಾಡ್ಯೂಲ್.

ಸೋನಾಮಸೂರಿ_ಗಂಗಾವತಿ · ಶುಕ್ರವಾರ, ಬೆಳಿಗ್ಗೆ 7:15

ಪಂಪ್ ಕಡೆಯ ಪಿನ್ನೇ ಹೋಗಿದೆ. ಅಲ್ಲಿಗೆ ಆರು ವಾರ ಗ್ಯಾರಂಟಿ. ಆರ್ಡರ್ ಕೊಟ್ಟೆ. ಗೋಕರ್ಣಕ್ಕೆ ನಮ್ಮ ಗಾಡಿ ಬಿಟ್ಟು ಬೇರೆ ಬಸ್‌ನಲ್ಲಿ ಹೋಗುತ್ತಿದ್ದೇವೆ. ಮಕ್ಕಳು ಮುಖ ಊದಿಸಿಕೊಂಡಿದ್ದಾರೆ. ಕಟ್-ಆಫ್ ಸ್ವಿಚ್ ಸದ್ಯಕ್ಕೆ ಟೇಪ್ ಸುತ್ತಿ ಇಟ್ಟಿದ್ದೇನೆ.

ಕುಷ್ಟಗಿ_ಕ್ಯಾಂಪರ್ · ಶುಕ್ರವಾರ, ಬೆಳಿಗ್ಗೆ 8:02

ಟೈಮರ್ ರಿಲೇ ಹಾಕಿ, ಕೀ ತೆಗೆದು ಐದು ನಿಮಿಷಕ್ಕೆ ತಾನೇ ಕಟ್ ಆಗುತ್ತದೆ. ನನ್ನದರಲ್ಲಿ ಇದೆ. ಫೋಟೋ ಹಾಕಲಾ?

ಮಾನ್ವಿ_ಮಿನಿಬಸ್ · ಮುಂದಿನ ಗುರುವಾರ, ರಾತ್ರಿ 10:40

ಇಲ್ಲೇ ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನದೂ ಬಿಎಸ್6, ಅದೇ ಹಳದಿ ದೀಪ. ಟ್ಯಾಂಕ್ ಫುಲ್ ಇದೆ. ಏನಾಗಿರಬಹುದು?

ಬಿಸಿಲೂರ_ಬಂಡಿ · ಮುಂದಿನ ಗುರುವಾರ, ರಾತ್ರಿ 10:43

ಯೂರಿಯಾ ಎಲ್ಲಿಂದ ತಂದಿರಿ?