ಎಕ್ಸೆಲ್ ಫಾರ್ಮ್ಯಾಟಿಂಗ್ ಕೆಲಸವನ್ನು ಎಐ ಏಜೆಂಟ್‌ಗೆ ಬಿಟ್ಟವರು ಇದ್ದೀರಾ? ಅನುಭವ ಹೇಳಿ

ದಾವಣಗೆರೆ ಮಂಡಿ (ಪ್ರಶ್ನೆ)
ನಮ್ಮದು ದಲಾಲಿ ಅಂಗಡಿ. ಮೆಕ್ಕೆಜೋಳ ಜಾಸ್ತಿ, ಸ್ವಲ್ಪ ಅಡಿಕೆ. ವಾರದ ಲೆಕ್ಕದ ಶೀಟಿಗೆ ಬಾರ್ಡರ್ ಎಳೆಯುವುದು, ಬಣ್ಣ ಹಾಕುವುದು, ತಾರೀಖು ಒಂದೇ ಥರ ಮಾಡುವುದು, ಇದರಲ್ಲೇ ಶನಿವಾರ ಸಂಜೆ ಕಳೆದುಹೋಗುತ್ತದೆ. ಎಂಸಿಪಿ ಟೂಲ್ (ಎಐ ನೇರವಾಗಿ ಎಕ್ಸೆಲ್ ಫೈಲಿನಲ್ಲಿ ಕೆಲಸ ಮಾಡಲು ಬಿಡುವ ಜೋಡಣೆ) ಹಾಕಿ ಏಜೆಂಟ್‌ಗೆ ಬಿಟ್ಟುಬಿಡಿ ಅಂತ ಅಣ್ಣನ ಮಗ ಹೇಳುತ್ತಿದ್ದಾನೆ. ಸೂತ್ರಗಳನ್ನು ಮುಟ್ಟಬಾರದು, ನೋಟ ಮಾತ್ರ. ಖರ್ಚೆಷ್ಟು ಬರುತ್ತದೆ?

ಹೊಳಲ್ಕೆರೆ ಅಡಿಕೆ
ಬಿಟ್ಟೆವು, ಅನುಭವಿಸಿದೆವು. ಅಡಿಕೆಯ ಎಚ್‌ಎಸ್‌ಎನ್ ಕೋಡ್ (ಜಿಎಸ್‌ಟಿಗೆ ಸರಕು ಗುರುತಿಸುವ ನಂಬರ್) 0802 ಅಂತ ಶುರುವಾಗುತ್ತದೆ, ಗೊತ್ತಲ್ವಾ? ನಮ್ಮ ಹುಡುಗ "ಕಾಲಂ ಎಲ್ಲ ನೀಟಾಗಿ ಮಾಡು" ಅಂತ ಬರೆದ. ಟೆಕ್ಸ್ಟ್ ಆಗಿದ್ದ ಕೋಡನ್ನು ಅದು ನಂಬರ್ ಮಾಡಿತು. ಮುಂದಿನ ಸೊನ್ನೆ ಮಾಯ, 802 ಉಳಿಯಿತು. ಅದಾದರೂ ಕಣ್ಣಿಗೆ ಬೀಳುತ್ತದೆ. ಬೆಳೆಗಾರರ ಬ್ಯಾಂಕ್ ಖಾತೆ ನಂಬರನ್ನೂ ಬಿಡಲಿಲ್ಲ. 16 ಅಂಕಿಯ ಖಾತೆಗಳಲ್ಲಿ ಕೊನೆಯ ಅಂಕಿ ಸೊನ್ನೆಯಾಗಿ ಕೂತಿತ್ತು, ಯಾಕೆಂದರೆ ಎಕ್ಸೆಲ್ ನಂಬರ್‌ನಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ, ತಿರುಗಿ ಟೆಕ್ಸ್ಟ್ ಮಾಡಿದರೂ ಹೋದ ಅಂಕಿ ಬರುವುದಿಲ್ಲ. ಪುಣ್ಯಕ್ಕೆ ದುಡ್ಡು ವಾಪಸ್ ಬಂತು, ಬೇರೆಯವರ ಖಾತೆಗೆ ಹೋಗಲಿಲ್ಲ. ಹಬ್ಬದ ಹಿಂದಿನ ದಿನ ದುಡ್ಡು ಸಿಗದ ರೈತನಿಗೆ "ಫಾರ್ಮ್ಯಾಟಿಂಗ್ ಪ್ರಾಬ್ಲಂ" ಅಂತ ಹೇಳಿ ನೋಡಿ, ಗೊತ್ತಾಗುತ್ತದೆ. ಒಬ್ಬೊಬ್ಬರಿಂದಲೂ ಪಾಸ್‌ಬುಕ್ ಫೋಟೊ ಮತ್ತೆ ತರಿಸಿದೆವು. ನಾವು ಕಟ್ಟಿದ ಎಐ ಚಂದಾ ಡಾಲರ್‌ನಲ್ಲಿ, ಅದರ ಮೇಲೆ 18% ಜಿಎಸ್‌ಟಿ, ಕಾರ್ಡಿನವರ ಫಾರೆಕ್ಸ್ ಚಾರ್ಜು ಬೇರೆ.

ಚಳ್ಳಕೆರೆ ಎಣ್ಣೆ ಮಿಲ್
ಅದು ಫಾರ್ಮ್ಯಾಟ್ ಮಾಡಿದ್ದಲ್ಲ ಸ್ವಾಮಿ, ಒಳಗಿನ ಡೇಟಾ ತಿದ್ದಿದ್ದು. ಫಾರ್ಮ್ಯಾಟ್ ಅಂದರೆ ಮೇಲಿನ ಬಟ್ಟೆ ಅಷ್ಟೇ. ಟೂಲ್‌ನಲ್ಲಿ ಸೆಲ್‌ಗೆ ಬರೆಯುವ ಫಂಕ್ಷನ್ ಆಫ್ ಮಾಡಿ, ಫಾರ್ಮ್ಯಾಟ್ ಮಾಡುವುದನ್ನು ಮಾತ್ರ ಕೊಟ್ಟಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ. ನಮ್ಮಲ್ಲಿ ಶೇಂಗಾ ಖರೀದಿ, ಹಿಂಡಿ ಮಾರಾಟ, ಎಲ್ಲ ಶೀಟೂ ಈಗ ಏಜೆಂಟೇ ನೋಡಿಕೊಳ್ಳುತ್ತದೆ. ಖರ್ಚು ಕೇಳಿದಿರಲ್ಲ, ಶುರುವಿನಲ್ಲಿ ಒಂದೊಂದು ಸೆಲ್‌ಗೂ ಬೇರೆ ಬೇರೆ ಸಲ ಟೂಲನ್ನು ಕರೆಯುತ್ತಿತ್ತು, ಪ್ರತಿ ಸಲ ಬಂದ ಉತ್ತರವನ್ನು ಹಿಂದಿನದೆಲ್ಲ ಸೇರಿಸಿ ಓದಿಕೊಳ್ಳುತ್ತಿತ್ತು, ಟೋಕನ್ (ಎಐ ಓದಿ ಬರೆಯುವುದಕ್ಕೆ ದುಡ್ಡು ಲೆಕ್ಕ ಹಾಕುವ ಅಳತೆ) ಮೀಟರ್ ಆಟೋ ಮೀಟರಿಗಿಂತ ಜೋರಾಗಿ ಓಡುತ್ತಿತ್ತು. ಒಂದೇ ಶೀಟಿಗೆ ಮುನ್ನೂರು ರೂಪಾಯಿ ದಾಟಿತು. ಆಮೇಲೆ "ಎ1 ರಿಂದ ಎಚ್1, ಒಂದೇ ಕರೆ" ಅಂತ ರೇಂಜ್ ಕೊಟ್ಟು ಬರೆದಿಟ್ಟೆ. ಈಗ ಇಪ್ಪತ್ತು ರೂಪಾಯಿ ಒಳಗೆ ಮುಗಿಯುತ್ತದೆ. ಬಳಸಲು ಬರದಿದ್ದರೆ ಟೂಲನ್ನು ಬೈಯಬಾರದು.

ಹೊಳಲ್ಕೆರೆ ಅಡಿಕೆ
ನಿಮ್ಮ ಶೇಂಗಾ ಹಿಂಡಿಯ ಎಚ್‌ಎಸ್‌ಎನ್ 2305. ಮುಂದೆ ಸೊನ್ನೆ ಇಲ್ಲ. ಸೊನ್ನೆ ಇಲ್ಲದವರಿಗೆ ಧೈರ್ಯ ಜಾಸ್ತಿ.

ದುರ್ಗದ ಡಿಟಿಪಿ
ಫಾರ್ಮ್ಯಾಟ್ ಬರೀ ಬಟ್ಟೆ ಅಂದವರು ನಮ್ಮ ಅಂಗಡಿಗೆ ಬನ್ನಿ. ಸಂಘವೊಂದರ ಸದಸ್ಯರ ಪಟ್ಟಿ, ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿದ್ದು. ಅದರಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ. ಏಜೆಂಟ್ ಒಂದು ಸೆಲ್ಲಿನ ಡೇಟಾವನ್ನೂ ಮುಟ್ಟಲಿಲ್ಲ. "ಎಲ್ಲ ಕಡೆ ಒಂದೇ ಫಾಂಟ್ ಇರಲಿ" ಅಂತ ಕ್ಯಾಲಿಬ್ರಿ ಹಾಕಿತು ಅಷ್ಟೇ. ಕನ್ನಡದ ಹೆಸರೆಲ್ಲ ತಲೆ ಮೇಲೆ ಚುಕ್ಕೆ, ಗೆರೆ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ ಆಯಿತು. ವಾಪಸ್ ನುಡಿ ಹಾಕಿದರೆ ಸರಿಹೋಗುತ್ತದೆ ಅಂತೀರಿ. ಹೆಸರುಗಳು ಸರಿಹೋದವು ನಿಜ, ಆದರೆ ಪಕ್ಕದ ಐಎಫ್‌ಎಸ್‌ಸಿ ಕೋಡ್, ನಡುನಡುವೆ ಇದ್ದ ಇಂಗ್ಲಿಷ್ ಇನಿಷಿಯಲ್ ಎಲ್ಲ ಅರ್ಥವಿಲ್ಲದ ಕನ್ನಡ ಆದವು. ಹಳೆ ಪ್ರಿಂಟ್ ಮುಂದಿಟ್ಟುಕೊಂಡು ಯಾವ ಸೆಲ್ಲಿಗೆ ಯಾವ ಫಾಂಟ್ ಅಂತ ಕೈಯಲ್ಲೇ ಬದಲಿಸಿದೆವು. ಗಿರಾಕಿ ಅರ್ಧ ದುಡ್ಡು ಕೊಟ್ಟು ಹೋದರು.

ಪಿ.ಜೆ. ಬಡಾವಣೆ
ಇನ್ನೂ ಹಳೆ ನುಡಿಯಲ್ಲೇ ಇದ್ದೀರಾ? ಯೂನಿಕೋಡ್ ಬಂದು ಎಷ್ಟು ಕಾಲ ಆಯಿತು. ಇದು ಏಜೆಂಟಿನ ತಪ್ಪಲ್ಲ.

ದುರ್ಗದ ಡಿಟಿಪಿ
ಗಿರಾಕಿ ತಂದುಕೊಟ್ಟ ಫೈಲ್ ಅದು. ಯೂನಿಕೋಡ್ ಮಾಡಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸಲಾ? ಕಳಿಸಿದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಬಾಡಿಗೆ ನೀವು ಕಟ್ಟುತ್ತೀರಾ?

ಪಿ.ಜೆ. ಬಡಾವಣೆ
ಸಿಟ್ಟಾಗಬೇಡಿ. ನನಗೂ ಏಟು ಬಿದ್ದಿದೆ, ಬೇರೆ ಥರ. ನನ್ನ ಟೂಲ್ ಒಳಗೆ ಓಪನ್‌ಪೈಎಕ್ಸ್‌ಎಲ್ ಅನ್ನುವ ಲೈಬ್ರರಿ ಇತ್ತು, ಎಕ್ಸೆಲ್ ಇಲ್ಲದೆಯೇ ಫೈಲ್ ತೆರೆದು ಸೇವ್ ಮಾಡುತ್ತದಲ್ಲ, ಅದು. ಬಣ್ಣ, ಬಾರ್ಡರ್ ಎಲ್ಲ ಚೆನ್ನಾಗಿ ಬಂತು. ಆದರೆ ಅದು ಸೂತ್ರವನ್ನು ಬರೆಯುತ್ತದೆಯೇ ಹೊರತು ಉತ್ತರವನ್ನು ಲೆಕ್ಕ ಹಾಕಿ ಇಡುವುದಿಲ್ಲ. ಎಕ್ಸೆಲ್‌ನಲ್ಲಿ ತೆರೆದರೆ ಮೊತ್ತ ಬರುತ್ತದೆ. ನಾನು ನೇರ ವಾಟ್ಸಾಪ್‌ನಲ್ಲಿ ಕಳಿಸಿದೆ, ಮಾಲೀಕರು ಫೋನಿನ ಪ್ರಿವ್ಯೂನಲ್ಲಿ ನೋಡಿದರು, ಒಟ್ಟು ಮೊತ್ತದ ಸಾಲು ಪೂರ್ತಿ ಖಾಲಿ. "ಸಂಬಳ ತಗೊಂಡು ಕೂಡಿಸೋಕೂ ಬರಲ್ವಾ" ಅಂತ ಎಲ್ಲರ ಮುಂದೆ ಕೇಳಿದರು. ಶೇಪ್‌ನಲ್ಲಿ ಹಾಕಿದ್ದ ಅಂಗಡಿ ಹೆಸರೂ ಮಾಯ, ಆ ಲೈಬ್ರರಿ ಶೇಪ್‌ಗಳನ್ನು ಉಳಿಸುವುದಿಲ್ಲ. ಈ ಕೆಲಸಕ್ಕೆ ಅನ್‌ಡೂ ಕೂಡ ಇರುವುದಿಲ್ಲ, ಕಾಪಿ ಇಟ್ಟುಕೊಂಡಿದ್ದರೆ ಉಂಟು.

ಡಿಸಿಎಂ ಟೌನ್‌ಶಿಪ್
ಕಾಮಾ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ನನಗೆ ಬೇಕಾದ್ದು 12,50,000. ಏಜೆಂಟ್ ಫಾರ್ಮ್ಯಾಟ್ ಹಾಕಿದ ಮೇಲೆ ಬಂದದ್ದು 1,250,000. ನಮ್ಮ ಯಜಮಾನರು ಮಿಲಿಯನ್ ಓದುವುದಿಲ್ಲ, ಹನ್ನೆರಡೂವರೆ ಲಕ್ಷ ಓದುತ್ತಾರೆ.

ಚಳ್ಳಕೆರೆ ಎಣ್ಣೆ ಮಿಲ್
ನನಗೆ ಸರಿಯಾಗೇ ಬರುತ್ತದೆ. ಮತ್ತೆ ಅದೇ ಕತೆ, ಬಳಸಲು ಬರಬೇಕು.

ಪಿ.ಜೆ. ಬಡಾವಣೆ
ನಿಮ್ಮ ವಿಂಡೋಸ್‌ನಲ್ಲಿ ರೀಜನ್ ಇಂಡಿಯಾ ಅಂತ ಇದೆ, ಎಕ್ಸೆಲ್ ಅದನ್ನು ನೋಡಿ ಕಾಮಾ ಹಾಕುತ್ತದೆ. ಇದರಲ್ಲಿ ನಿಮ್ಮ ಜಾಣತನ ಏನೂ ಇಲ್ಲ. ಅದೇ ಫೈಲನ್ನು ರೀಜನ್ ಅಮೆರಿಕ ಇರುವ ಲ್ಯಾಪ್‌ಟಾಪ್‌ನಲ್ಲಿ ತೆರೆಯಿರಿ, ನಿಮ್ಮದೂ ಮಿಲಿಯನ್ನೇ. ಲಕ್ಷ, ಕೋಟಿಗೆ ಕಸ್ಟಮ್ ಫಾರ್ಮ್ಯಾಟ್ ಬರೆದು ಕೊಡಬೇಕು. ಆಡಿಟರ್ ಹತ್ತಿರ ಫೈಲ್ ಹೋದಾಗ ಏನಾಗುತ್ತದೆ ಅಂತ ಒಂದು ಸಲವಾದರೂ ನೋಡಿದ್ದೀರಾ?

ಚಳ್ಳಕೆರೆ ಎಣ್ಣೆ ಮಿಲ್
ನಮ್ಮ ಆಡಿಟರ್ ಇಲ್ಲೇ ಚಳ್ಳಕೆರೆಯವರು. ಅವರಿಗೆ ಪ್ರಿಂಟ್ ತೆಗೆದು ಕೊಡುತ್ತೇನೆ.